ನಾಲ್ಕು ಸೆಕೆಂಡಿನ ಮುಖ

"ಈ ನುಣ್ಣನೆ ಗಂಡಸು ಯಾರೋ? ತೆಗೆದಿಡು ಮೊದಲು!"

ಶವಪೆಟ್ಟಿಗೆಯ ತಲೆಯ ಬಳಿ ನಿಲ್ಲಿಸಿದ್ದ ಫೋಟೋವನ್ನು ಮರಳಣ್ಣನ ಹೆಂಡತಿ ಗೋಡೆಯ ಕಡೆಗೆ ತಿರುಗಿಸಿಯೇಬಿಟ್ಟಳು. ಮಗ ಕಕ್ಕಾಬಿಕ್ಕಿಯಾದ.

"ಅಪ್ಪನೇ ಅಮ್ಮ. ಹಳೇ ಫೋಟೋ ತುಂಬಾ ಕಾಳುಕಾಳಾಗಿತ್ತು. ಸ್ಟುಡಿಯೋದಲ್ಲಿ ಕೊಟ್ಟು ಕ್ಲೀನ್ ಮಾಡಿಸ್ದೆ."

"ಕ್ಲೀನ್ ಮಾಡಿಸ್ದೆಯಾ! ನಿಮ್ಮಪ್ಪನ್ನ! ಗಲ್ಲದ ಮೇಲಿನ ಗಾಯ ಎಲ್ಲಿ? ಕಣ್ಣ ಕೆಳಗಿನ ಸುಕ್ಕೆಲ್ಲಿ? ಆ ಹಳೇ ಫೋಟೋ ಬರೋವರೆಗೂ ಇವರನ್ನ ಎತ್ತೋಕೆ ಬಿಡಲ್ಲ, ಹೇಳಿದೀನಿ."

ಗಾಡಿ ಬರುವುದು ಹನ್ನೊಂದಕ್ಕೆ. ಆಗಲೇ ಹತ್ತೂವರೆ ದಾಟಿತ್ತು. ಮಗ ತನ್ನ ಚಪ್ಪಲಿ ಸಿಗದೆ ಯಾರದೋ ಶೂ ಮೆಟ್ಟಿಕೊಂಡು ಸ್ಟುಡಿಯೋ ಕಡೆಗೆ ಓಡಿದ.

"ಮರಳಣ್ಣ ಎದ್ದು ಕೂತಿದ್ರೆ ಆ ಸ್ಟುಡಿಯೋದವನ ಗ್ರಹಚಾರ ಬಿಡಿಸ್ತಿದ್ದ" ಎಂದರು ಬಣ್ಣದ ಮೇಷ್ಟ್ರು. ಲ್ಯಾಬಿನಲ್ಲಿ ಇಪ್ಪತ್ತು ವರ್ಷ ಅವನ ಪಕ್ಕದ ಕುರ್ಚಿಯಲ್ಲಿ ಕೂತು ಸಿನಿಮಾಗಳ ಬಣ್ಣ ಸರಿಮಾಡಿದವರು ಅವರು. ತೆರೆಯ ಮೇಲಿನ ಮರಳಿನಂಥ ಒಂದು ಕಾಳನ್ನೂ ಗುಡಿಸಲು ಬಿಡದವನಿಗೆ ಆ ಹೆಸರಿಟ್ಟವರೂ ಅವರೇ.

\*

ಹಳೆಯ ಸಿನಿಮಾಗಳನ್ನು ದೊಡ್ಡ ಟಿವಿಗಳಿಗಾಗಿ ಮಿರಮಿರ ಮಿಂಚಿಸುವ ಲ್ಯಾಬು ಅದು. ಫಿಲ್ಮಿನ ಚಿತ್ರ ಮೂಡುವುದೇ ಸಣ್ಣ ಸಣ್ಣ ಕಾಳುಗಳಿಂದ. ಟಿವಿ ಕೊಂಡವರ ಕಣ್ಣಿಗೆ ಮಾತ್ರ ಅದು ಕೊಳೆ. ಮೊದಮೊದಲು ಮರಳಣ್ಣನೂ ಯಂತ್ರಕ್ಕೆ ಕಾಳು ಅಳಿಸಲು ಹೇಳಿ ಟೀ ಕುಡಿಯಲು ಹೋಗುತ್ತಿದ್ದ.

ಹಾಗೆ ಅಳಿಸಿದ ಒಂದು ಸಿನಿಮಾದಲ್ಲಿ ಅವನ ಹೆಂಡತಿಯೂ ಇದ್ದಳು. ಮದುವೆಗೆ ಮುಂಚೆ, ಹದಿನೆಂಟರ ವಯಸ್ಸಿನಲ್ಲಿ, ನಾಯಕಿಯ ಹಿಂದೆ ಹೂಬುಟ್ಟಿ ಹಿಡಿದು ನಾಲ್ಕು ಸೆಕೆಂಡು ನಿಂತಿದ್ದಳು. ಹೊಸ ಪ್ರತಿಯ ಬಿಡುಗಡೆಯ ದಿನ ಮರಳಣ್ಣ ಹೊಸ ಟಿವಿ ತಂದು, ಅಕ್ಕಪಕ್ಕದವರನ್ನೆಲ್ಲ ಕರೆದು ಕೂರಿಸಿದ.

"ಇದು ನಾನಲ್ಲ" ಎಂದಳು ಅವಳು. ಯಂತ್ರ ಅವಳ ಕೆನ್ನೆಯ ಸಿಡುಬಿನ ಕಲೆಗಳನ್ನೂ ಕಾಳೆಂದುಕೊಂಡು ಒರೆಸಿಹಾಕಿತ್ತು. "ನನ್ನ ಕಲೆ ನಿಮಗೂ ಕೊಳೆಯಾಗಿ ಕಾಣ್ತಾ?"

ಮರುದಿನದಿಂದ ಮರಳಣ್ಣನಿಗೆ ಒಂದೊಂದು ಚಿತ್ರವನ್ನೂ ಮೂಲ ಫಿಲ್ಮಿನ ಪಕ್ಕ ಇಟ್ಟು ನೋಡುವ ಹುಚ್ಚು ಹಿಡಿಯಿತು. ಮಾಲೀಕ ಕೂಗಾಡಿದ, ಕೆಲಸ ತಿಂಗಳುಗಟ್ಟಲೆ ಹಿಂದೆ ಬಿತ್ತು. ಜಪ್ಪಯ್ಯ ಅಂದರೂ ಅವನು ಬಗ್ಗಲಿಲ್ಲ. ಅವಳು ಮಾತ್ರ ಆ ಸಿನಿಮಾವನ್ನು ಮತ್ತೆ ನೋಡಲಿಲ್ಲ.

\*

ಹನ್ನೊಂದೂಕಾಲು. ಗಾಡಿಯವನು ಎರಡು ಸಲ ಹಾರ್ನ್ ಒತ್ತಿ, ಆಮೇಲೆ ತಾನೇ ಒಳಗೆ ಬಂದ.

"ಇನ್ನೂ ಎಷ್ಟು ಹೊತ್ತಮ್ಮ? ನನಗೆ ಇನ್ನೊಂದು ಕಡೆ ಹೋಗ್ಬೇಕು."

"ಹೋಗಿ ಬಾರಪ್ಪ. ಇವರಿಗೇನೂ ಅವಸರ ಇಲ್ಲ."

ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಅವಳು ಮಾತ್ರ ಬಾಗಿಲಿಗೂ ಪೆಟ್ಟಿಗೆಗೂ ಅಲೆಯುತ್ತಲೇ ಇದ್ದಳು. ಮೇಷ್ಟ್ರು ಅವಳನ್ನು ತಡೆದು ಒಂದು ಲಕೋಟೆ ಕೊಟ್ಟರು.

"ಅವನ ಡ್ರಾಯರ್‌ನಲ್ಲಿತ್ತು, ಅತ್ತಿಗೆ. ಹಳೇ ಪ್ರಿಂಟ್ ಎಸೆಯೋವಾಗ ಕತ್ತರಿಸಿ ಇಟ್ಕೊಂಡಿದ್ದ. ಹೊಸ ಕೆಲಸ ಶುರು ಮಾಡೋ ಮುಂಚೆ ಒಂದ್ಸಲ ತೆಗೆದು ನೋಡ್ತಿದ್ದ."

ಒಳಗೆ ಬೆರಳುದ್ದದ ಫಿಲ್ಮ್ ತುಂಡು, ಜೊತೆಗೆ ಅವನ ಭೂತಗನ್ನಡಿ.

ಅಷ್ಟರಲ್ಲಿ ಮಗ ಏದುಸಿರು ಬಿಡುತ್ತ ಬಂದ. ಅವನ ಕೈಯಲ್ಲಿ ಹಳೇ ಫೋಟೋ: ಕಾಳುಕಾಳು, ಗಲ್ಲದ ಗಾಯ, ಕಣ್ಣ ಕೆಳಗಿನ ಸುಕ್ಕು, ಎಲ್ಲವೂ ಇತ್ತು. ಅವಳು ಅದನ್ನು ಅಂಗೈಯಿಂದ ಸವರಿದಳು.

"ಈಗ ಬಂದ್ರು ನೋಡು" ಎಂದು ಜೋರಾಗಿ ಅತ್ತಳು. ಆಮೇಲೆ, "ಎತ್ತಿ" ಎಂದಳು.

ನೆರೆದವರು ಪೆಟ್ಟಿಗೆಗೆ ಹೆಗಲು ಕೊಡುವಾಗ ಅವಳು ಫಿಲ್ಮ್ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ಕಣ್ಣಿಟ್ಟಳು. ನಾಯಕಿಯ ಹಿಂದೆ ಹೂಬುಟ್ಟಿಯ ಹುಡುಗಿ. ಕೆನ್ನೆಯ ತುಂಬ ಕಾಳು. ಯಾವುದು ಫಿಲ್ಮಿನದು, ಯಾವುದು ಸಿಡುಬಿನದು ಎಂದು ಬೇರೆ ಮಾಡಲಾಗದಂತೆ, ಒಂದೂ ಬಿಡದೆ, ಎಲ್ಲವೂ ಅಲ್ಲೇ ಇದ್ದವು.