ಬಾವಿಯ ಶೇಡ್ ಕಾರ್ಡ್

ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ತೇನ್ಮೊಳಿ ಬಾವಿಗೆ ಕೊಡ ಇಳಿಸಿದಳು. ಅವಳ ಅಪ್ಪ ಮಾರಪ್ಪನ್ ಸತ್ತು ಹತ್ತು ಗಂಟೆಯಾಗಿತ್ತು. ಕೊಡ ನೀರು ಮುಟ್ಟುವ ಮೊದಲೇ ಅಪ್ಪನ ತಮ್ಮ ಅವಿನಾಶಿಯಪ್ಪನ್ ಬಂದು ಹಗ್ಗ ಹಿಡಿದರು.

"ಬೇಡ ಕಂದಾ. ಸೇದಬೇಡ."

"ಅಪ್ಪ ಹೇಳಿದ್ದು ಇದೇ ನೀರು, ಚಿತ್ತಪ್ಪ."

"ನಿಮ್ಮಪ್ಪ ಏನೇನೋ ಹೇಳ್ತಿದ್ದ. ಹನ್ನೆರಡು ಕ್ಯಾನ್ ನೀರು ತರಿಸಿದೀನಿ. ಅದನ್ನೇ ಕೊಡಕ್ಕೆ ಸುರ್ಕೊಂಡು ಹೊತ್ಕೊಂಡು ನಡಿ. ಯಾರ್ ಕೇಳ್ತಾರೆ?"

ಹೆಣಕ್ಕೆ ಸ್ನಾನ ಮಾಡಿಸುವ ನೀರನ್ನು ಬಂಧುಗಳು ತಮಟೆಯೊಂದಿಗೆ ಹೋಗಿ ತರಬೇಕು. ಈರೋಡಿನ ಆಚೆಯ ಕಾರೈಪಾಳೆಯದಲ್ಲಿ ಅದನ್ನು ನೀರ್ಮಾಲೆ ಎನ್ನುತ್ತಾರೆ. ಹಗ್ಗ ಇಬ್ಬರ ಕೈಯಲ್ಲಿರುವುದನ್ನು ಕಂಡು ತಮಟೆಯವರು ಬಡಿತ ನಿಲ್ಲಿಸಿದರು.

ಬಾವಿ ಇದ್ದದ್ದು ಬಟ್ಟೆಗೆ ಬಣ್ಣ ಹಾಕುವ ಮಾರಪ್ಪನ್ ಅವರ ಡೈಯಿಂಗ್ ಶೆಡ್ಡಿನ ಹಿಂದೆ. ಅದರ ನೀರನ್ನು ಇಪ್ಪತ್ತೆಂಟು ವರ್ಷಗಳಿಂದ ಯಾರೂ ಮೈಗೆ ಹಾಕಿಕೊಂಡಿರಲಿಲ್ಲ.

"ಅವ್ವನಿಗೆ ಆದದ್ದು ಅಣ್ಣನಿಗೂ ಆಗ್ಬೇಕಾ?" ಎಂದರು ಅವಿನಾಶಿಯಪ್ಪನ್, ದನಿ ತಗ್ಗಿಸಿ. "ಊರೆಲ್ಲ ನಿಂತು ನೋಡ್ತಿದೆ."

* * *

ಮಾರಪ್ಪನ್ ಅವರ ತಾಯಿ ಸತ್ತಾಗ ಇದೇ ಬಾವಿಯಿಂದ ಏಳು ಕೊಡ ನೀರು ಹೋಗಿತ್ತು. ಮೊದಲ ಕೊಡ ಸುರಿದಾಗ ಯಾರಿಗೂ ಏನೂ ಅನ್ನಿಸಲಿಲ್ಲ. ಮೂರನೆಯದಕ್ಕೆ ಮುದುಕಿಯ ಬಿಳಿ ಕೂದಲು ತಿಳಿ ಗುಲಾಬಿಯಾಯಿತು. ಮೀಯಿಸುತ್ತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೆಣದ ತಲೆಗೆ ಬಟ್ಟೆ ಮುಚ್ಚಿದರು. ಆ ತಿಂಗಳು ಶೆಡ್ಡಿನಲ್ಲಿ ಕೆಂಪು ಬೆಡ್‌ಶೀಟುಗಳ ಆರ್ಡರ್ ನಡೆದಿತ್ತು. ಬಣ್ಣ ಹಾಕಿ ತೊಳೆದ ಹೊರನೀರು ಹರಿಯುವ ಕಾಲುವೆಯನ್ನು ಮಾರಪ್ಪನ್ ಸ್ವತಃ ತೋಡಿದ್ದರು. ಬಾವಿಗೂ ಅದಕ್ಕೂ ಮೂವತ್ತು ಅಡಿ ದೂರ.

ಕರ್ಮ ಮುಗಿದ ಮರುದಿನ ಅವರು ಕಾಲುವೆ ಮುಚ್ಚಿದರು. ಹೊರನೀರಿಗೆ ಸುಣ್ಣ ಹಾಕಿ ಬಣ್ಣವನ್ನು ತಳಕ್ಕಿಳಿಸಿ, ಮೇಲಿನ ನೀರನ್ನು ಸಿಮೆಂಟಿನ ಅಗಲ ತೊಟ್ಟಿಗಳಲ್ಲಿ ಬಿಸಿಲಿಗೆ ಬಿಟ್ಟರು. ನೀರು ಆರಿದ ಮೇಲೆ ಉಳಿಯುವ, ಬಟ್ಟೆಗೆ ಬಣ್ಣ ಹಿಡಿಸುವ ಉಪ್ಪನ್ನು ಕೆರೆದು ಮತ್ತೆ ಬಳಸಿದರು. ತಿಳಿ ಬಣ್ಣಕ್ಕೆ ಲೀಟರಿಗೆ ಮೂವತ್ತು ಗ್ರಾಂ ಉಪ್ಪು ಸಾಕು. ಕಪ್ಪಿಗೆ ಎಂಬತ್ತು ಬೇಕು, ತೊಳೆಯುವ ನೀರೂ ಇಮ್ಮಡಿ. ಅಷ್ಟು ನೀರು ಆರಿಸುವ ತೊಟ್ಟಿ ಅವರಲ್ಲಿರಲಿಲ್ಲ. ಆದ್ದರಿಂದ ಕಪ್ಪನ್ನೂ ಕಡುನೀಲಿಯನ್ನೂ ಬಿಟ್ಟರು.

ಕರೂರಿನ ವ್ಯಾಪಾರಿಯೊಬ್ಬ ಕೇಳಿದ್ದ: "ಯಾಕ್ರೀ, ಕಪ್ಪು ನಿಮಗೆ ಆಗಿಬರಲ್ವಾ?"

"ನನಗೆ ಆಗಿಬರುತ್ತೆ. ಬಿಸಿಲಿಗೆ ಆಗಿಬರಲ್ಲ," ಎಂದಿದ್ದರು.

ಒಮ್ಮೆ ಕಾಲೇಜಿನ ಹುಡುಗಿಯರು ಬಂದು, ಇಷ್ಟೆಲ್ಲ ಮಾಡಲು ನಿಮಗೆ ಪ್ರೇರಣೆ ಏನು ಎಂದು ಕೇಳಿದರು. ಮಾರಪ್ಪನ್ ಸ್ವಲ್ಪ ಯೋಚಿಸಿ, "ಉಪ್ಪು ದುಬಾರಿಯಮ್ಮ," ಎಂದರು. ಅವರು ಅದನ್ನೇ ಬರೆದುಕೊಂಡು ಹೋದರು.

ಪ್ರತಿ ಪೊಂಗಲ್ ದಿನ ಬಾವಿಯಿಂದ ಒಂದು ಕೊಡ ನೀರು ಸೇದಿ, ಅಂಗೈಯಗಲದ ಬಿಳಿ ಹತ್ತಿಬಟ್ಟೆಯನ್ನು ಅದರಲ್ಲಿ ಅದ್ದಿ ಒಣಗಿಸುತ್ತಿದ್ದರು. ಗಿರಾಕಿಗಳಿಗೆ ಬಣ್ಣ ತೋರಿಸುವ ಶೇಡ್ ಕಾರ್ಡಿನಂಥದೇ ಒಂದು ರಟ್ಟಿನ ಮೇಲೆ ಅದನ್ನು ಪಿನ್ ಹೊಡೆದು ವರ್ಷ ಬರೆಯುತ್ತಿದ್ದರು. ಮೊದಲನೆಯ ತುಂಡು ಗುಲಾಬಿ. ಹತ್ತನೆಯದು ಒಣಗಿದ ಮಲ್ಲಿಗೆಯ ಬಣ್ಣ. ಇಪ್ಪತ್ತೆಂಟನೆಯದು ಈ ಜನವರಿಯದು. ಅದರ ಅಂಚಿನಲ್ಲಿ ಟೀ ಲೋಟ ಇಟ್ಟೆತ್ತಿದಷ್ಟು ಮಸುಕು ಕಲೆ ಇನ್ನೂ ಇತ್ತು.

"ನನ್ನ ನೀರ್ಮಾಲೆ ಇಲ್ಲಿಂದಲೇ," ಎಂದಿದ್ದರು ಮಗಳಿಗೆ. "ನಾನು ಕೆಡಿಸಿದ್ದು ನನ್ನ ಮೈಮೇಲೇ ಬೀಳಲಿ."

* * *

"ಜನವರಿ ತುಂಡು ನಾನೂ ನೋಡಿದೀನಿ," ಎಂದರು ಅವಿನಾಶಿಯಪ್ಪನ್. "ಕಲೆ ಇತ್ತು."

"ಇವತ್ತಿಂದು ನೋಡಿ. ಕಲೆ ಇದ್ರೆ ಕ್ಯಾನೇ ಆಗಲಿ," ಎಂದಳು ತೇನ್ಮೊಳಿ.

ಅವರು ಹಗ್ಗ ಬಿಟ್ಟರು. ಕೊಡ ಮೇಲೆ ಬಂತು. ಮೂವತ್ತು ವರ್ಷದಿಂದ ಶೆಡ್ಡಿನಲ್ಲಿ ದುಡಿಯುವ ಕಾಳಿಯಮ್ಮಾಳ್ ಒಳಗಿಂದ ಬಿಳಿ ಬಟ್ಟೆಯ ಎರಡು ತುಂಡು ತಂದಳು. ಒಂದನ್ನು ಕೊಡದಲ್ಲಿ ಅದ್ದಿ ಕೊಡವಿ ತಂತಿಗೆ ಹಾಕಿದಳು. ಇನ್ನೊಂದನ್ನು ಹೋಲಿಸಿ ನೋಡಲು ಅದ್ದದೆ ಹಾಗೇ ಪಕ್ಕದಲ್ಲಿ ಸಿಕ್ಕಿಸಿದಳು.

"ಅಯ್ಯ ಇದ್ದಿದ್ರೆ ಬೈತಿದ್ರು," ಎಂದಳು. "ಬಿಸಿಲಿಗೆ ಹಾಕ್ಬೇಡ, ಬಣ್ಣ ಕದಿಯುತ್ತೆ, ನೆರಳಲ್ಲಿ ಒಣಗ್ಸು ಅಂತ."

"ನೆರಳಲ್ಲಿ ಒಣಗ್ಸಿದ್ರೆ ಅಣ್ಣ ನಾಳೆ ಹೋಗ್ಬೇಕಾಗುತ್ತೆ," ಎಂದರು ಅವಿನಾಶಿಯಪ್ಪನ್.

ತಮಟೆಯವನೊಬ್ಬ ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡ.

"ನಗು, ನಗು. ನಮ್ಮಣ್ಣ ಬೇಡ ಅಂದ ಕಪ್ಪಿನ ಆರ್ಡರೆಲ್ಲ ನನ್ನ ಶೆಡ್ಡಿಗೆ ಬಂತು. ನನ್ನ ಮನೇ ಮಹಡಿ ಕಟ್ಟಿಸಿದ್ದು ಅವನೇ ಅಂದ್ಕೋ."

"ಅದಕ್ಕೇ ಅಯ್ಯ ಆ ಮಹಡಿ ಒಂದಿನಾನೂ ಹತ್ತಲಿಲ್ಲ," ಎಂದಳು ಕಾಳಿಯಮ್ಮಾಳ್.

"ಮಂಡಿನೋವು ಅಂದಿದ್ದ ನನ್ಹತ್ರ."

"ಬಾವಿಗೆ ಹಗ್ಗ ಹಿಡ್ಕೊಂಡು ಇಳೀತಿದ್ರಲ್ಲ, ಹೂಳು ತೆಗೆಯೋಕೆ. ಆಗ ಮಂಡಿ ಎಲ್ಲಿತ್ತೋ."

ಅವಿನಾಶಿಯಪ್ಪನ್ ತಂತಿಯ ಕಡೆ ತಿರುಗಿ ಬಟ್ಟೆಯ ಅಂಚು ಮುಟ್ಟಿ ನೋಡಿದರು. ಅವರ ಶೆಡ್ಡಿನ ನೀರು ಊರಿನ ಆಚೆ ದಿಕ್ಕಿನ ಹಳ್ಳಕ್ಕೆ ಹೋಗುತ್ತಿತ್ತು. ಅದರ ವಿಷಯ ಅಂದು ಯಾರೂ ಎತ್ತಲಿಲ್ಲ.

ಏಪ್ರಿಲ್ ಬಿಸಿಲಿಗೆ ಬಟ್ಟೆ ಹನ್ನೊಂದು ನಿಮಿಷದಲ್ಲಿ ಒಣಗಿತು. ಕಾಳಿಯಮ್ಮಾಳ್ ಎರಡೂ ತುಂಡು ತೆಗೆದು ಅವಿನಾಶಿಯಪ್ಪನ್ ಕೈಗೆ ಕೊಟ್ಟಳು. ಈ ಊರಲ್ಲಿ ಬಣ್ಣದ ಬಗ್ಗೆ ತಕರಾರು ಬಂದರೆ ವ್ಯಾಪಾರಿಗಳೂ ಒಪ್ಪುವ ಕಣ್ಣು ಅವರದು. ಅವರು ಬೇವಿನ ನೆರಳಿಗೆ ಹೋದರು, ಮತ್ತೆ ಬಿಸಿಲಿಗೆ ಬಂದರು. ಕನ್ನಡಕ ತೆಗೆದು, ಅಂಗಿಗೆ ಒರೆಸಿ, ಮತ್ತೆ ಹಾಕಿಕೊಂಡರು. ತೇನ್ಮೊಳಿ ಕೊಡದ ಬಾಯಿಗೆ ಕೈ ಅಡ್ಡ ಇಟ್ಟು ಕೂತಿದ್ದಳು.

"ಕಾಳೀ," ಎಂದರು ಅವರು ಕೊನೆಗೆ. "ಇದರಲ್ಲಿ ಅದ್ದಿದ್ದು ಯಾವುದು?"

ಕಾಳಿಯಮ್ಮಾಳ್ ಹತ್ತಿರ ಬಂದು ಎರಡನ್ನೂ ನೋಡಿದಳು.

"ನೀವು ಕೈ ಬದಲಾಯಿಸಿದ್ರಲ್ಲ ಅಯ್ಯಾ. ಈಗ ನಂಗೂ ಗೊತ್ತಾಗ್ತಿಲ್ಲ."

ಅವಿನಾಶಿಯಪ್ಪನ್ ಬಗ್ಗಿ, ಕೊಡದಲ್ಲಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದರು.

"ಉಪ್ಪು ಹೋಗಿಲ್ಲ."

"ಅದಕ್ಕಿನ್ನೂ ಇಪ್ಪತ್ತು ವರ್ಷ ಬೇಕು ಅಂತಿದ್ರು ಅಪ್ಪ," ಎಂದಳು ತೇನ್ಮೊಳಿ. "ಅದು ನನ್ನ ಪಾಲಂತೆ."

ಅವರು ತುಂಡುಗಳನ್ನು ಜೇಬಿಗೆ ಹಾಕಿ, ಹೆಗಲ ಮೇಲಿನ ವಸ್ತ್ರವನ್ನು ಸೊಂಟಕ್ಕೆ ಕಟ್ಟಿಕೊಂಡು, ಎರಡನೆಯ ಕೊಡವನ್ನು ತಾವೇ ಸೇದಿದರು. ತಮಟೆ ಮತ್ತೆ ಶುರುವಾಯಿತು.

ಮಾರಪ್ಪನ್ ಅವರಿಗೆ ಏಳು ಕೊಡ ನೀರಿನಲ್ಲಿ ಸ್ನಾನ ಮಾಡಿಸಿದರು. ತಲೆ ತುಂಬ ಇದ್ದ ಕೂದಲು ಬಿಳಿಯಾಗಿಯೇ ಉಳಿಯಿತು. ಮಧ್ಯಾಹ್ನ ಒಂದೂವರೆಗೆ ಹೆಣ ಎತ್ತಿದರು. ಸಂಜೆ ತೇನ್ಮೊಳಿ ಚಿತ್ತಪ್ಪ ಜೇಬಿನಿಂದ ತೆಗೆದುಕೊಟ್ಟ ಎರಡು ತುಂಡುಗಳಲ್ಲಿ ಒಂದನ್ನು ಆರಿಸಿ ರಟ್ಟಿಗೆ ಪಿನ್ ಹೊಡೆದು ತಾರೀಖು ಬರೆದಳು.

ಹನ್ನೆರಡು ಕ್ಯಾನ್‌ಗಳಲ್ಲಿ ಎರಡನ್ನು ಬಂದವರು ಕುಡಿದಿದ್ದರು. ಉಳಿದ ಹತ್ತು, ಮುಚ್ಚಳ ಒಡೆಯದೆ, ಮರುದಿನ ಬೆಳಿಗ್ಗೆ ಅಂಗಡಿಗೆ ವಾಪಸಾದವು.