ಅಂಗೈಯ ಕೆಂಪು

ಯಾವ ಸೋಪಿನಲ್ಲಿ ಒಗೆದರೋ ಆಸ್ಪತ್ರೆಯ ಈ ಹೊದಿಕೆಯನ್ನು, ಮೂಲೆಯಲ್ಲಿ ಔಷಧದ ಕಂದು ಕಲೆ ಹಾಗೇ ಕೂತಿದೆ, ಹದಿನೆಂಟು ವರ್ಷ ಲಾಂಡ್ರಿಯಲ್ಲಿ ಕಲೆ ತೆಗೆದವಳು ಸುಮ್ಮನಿರಲಾದೀತೇ, ಒಂದು ಕೈಯ ಉಗುರಿನಿಂದ ಕೆರೆಯುತ್ತಿದ್ದೇನೆ, ಇನ್ನೊಂದರಲ್ಲಿ ಇವರ ಮುಷ್ಟಿ, ಬಿಡುವ ಹಾಗಿಲ್ಲ, ಮಂಚದ ಆ ಬದಿಯಲ್ಲಿ ನಾದಿನಿ ಅಣ್ಣನ ಕಾಲೊತ್ತುತ್ತಿದ್ದಾಳೆ, ಒತ್ತು ತಾಯಿ, ರಕ್ತವೇ ನಿನ್ನದಾದ ಮೇಲೆ ಕಾಲೂ ನಿನ್ನದೇ. ಹೋದ ವರ್ಷ ಇವರಿಗೆ ರಕ್ತದ ಕ್ಯಾನ್ಸರ್ ಎಂದಾಗ ನನ್ನ ಮೂಳೆಮಜ್ಜೆ ಹೊಂದಲಿಲ್ಲ, ಅವಳದು ಹೊಂದಿತು, ರಕ್ತ ಹುಟ್ಟಿಸುವ ಅವಳ ಕಾಂಡಕೋಶ ಇವರೊಳಗೆ ಇಳಿದು ನಾಲ್ಕು ತಿಂಗಳಲ್ಲಿ ಇವರ ರಕ್ತದ ಗುಂಪೇ ಬದಲಾಗಿ ಅವಳದಾಯಿತು — ಮದುವೆಯಾದ ಹೊಸತರಲ್ಲಿ ನಮ್ಮಿಬ್ಬರದೂ ಒಂದೇ ಗುಂಪು ಎಂದು ಎಷ್ಟು ಬೀಗಿದ್ದೆ — ಹೊಟ್ಟೆಕಿಚ್ಚು, ಹೌದು, ಕಾಯಿಲೆಯ ಗಂಡನ ಪಕ್ಕ ಕೂತು ಹೊಟ್ಟೆಕಿಚ್ಚು, ನಾಚಿಕೆಯೂ ಆಗುತ್ತದೆ, ಕಿಚ್ಚೂ ಆರುವುದಿಲ್ಲ. ಕಾಯಿಲೆ ಮರಳಿತು. ತಂಗಿಯ ಬಿಳಿ ರಕ್ತಕಣಗಳನ್ನೇ ಹಾಕೋಣ ಎಂದರು ಡಾಕ್ಟರು, ಅವು ಕ್ಯಾನ್ಸರಿನ ಮೇಲೆ ಬೀಳಲಿ, ಆದರೆ ಇವರ ಮೈಮೇಲೂ ಬೀಳಬಹುದು, ಅಂಗೈ ಕೆಂಪಾಗುವುದೇ ಮೊದಲ ಗುರುತು, ಚೂರು ಕಂಡರೂ ಹೇಳಿ ಎಂದು ಮೊದಲ ಚೀಲ ಹಾಕಿದರು. ಕೆಂಪಾಗ್ಲಿ ಬಿಡಿ ಅತ್ತಿಗೆ, ನನ್ನವು ಕೆಲಸ ಮಾಡ್ತಿವೆ ಅಂತ ಗೊತ್ತಾಗುತ್ತೆ. ನನ್ನವಂತೆ. ಮೊನ್ನೆ ಬೆಳಿಗ್ಗೆ ಇವರ ಕೈ ತೊಳೆಸುವಾಗ ಕಂಡೆ, ಹೆಬ್ಬೆರಳ ಬುಡದಲ್ಲಿ ಅಂಗಿಯ ಗುಂಡಿಯಷ್ಟು ಕೆಂಪು, ಅವಳು ನನ್ನ ಗಂಡನ ಕೈಮೇಲೆ ರುಜು ಹಾಕಿದ ಹಾಗೆ, ಹಿಂದೊಮ್ಮೆ ತುರಿಕೆಗೆ ಕೊಟ್ಟಿದ್ದ ಮುಲಾಮು ಚೀಲದ ತಳದಲ್ಲಿತ್ತು, ತಿಕ್ಕಿದೆ, ಮಸುಕಾಯಿತು, ನಿನ್ನೆ ಮತ್ತೆ ತಿಕ್ಕಿದೆ, ಏನೇ ಅದು ಎಂದರು ಇವರು, ಚರ್ಮ ಒಣಗಿದೆ ಅಂದೆ, ಕಲೆ ಕಂಡರೆ ಕೈ ತಾನಾಗಿ ಹೋಗುತ್ತದೆ ಎಂದು ನನಗೇ ಹೇಳಿಕೊಂಡೆ, ಸುಳ್ಳು, ಕೈ ಹೋಗಲಿಲ್ಲ, ನಾನೇ ಕಳಿಸಿದೆ. ಇವತ್ತು ಬೆಳಿಗ್ಗೆ ಡಾಕ್ಟರು ಅಂಗೈ ತಿರುಗಿಸಿ ನೋಡಿದರು, ಏನೂ ಇಲ್ಲ, ಕಣಗಳು ಎದ್ದೇ ಇಲ್ಲ, ಮಧ್ಯಾಹ್ನ ಎರಡನೇ ಚೀಲ ಹಾಕೋಣ, ಈ ಸಲ ಹತ್ತು ಪಟ್ಟು, ಮೊದಲಿನವು ಎದ್ದಿದ್ದರೆ ಹಾಕ್ತಿರಲಿಲ್ಲ ಅಮ್ಮ, ಕರುಳು ಲಿವರ್ ಎಲ್ಲ ಸುಟ್ಟುಹಾಕಿಬಿಡ್ತವೆ. ಅವರು ಹೋದ ಮೇಲೆ ಆ ಕೆಂಪು ಮತ್ತೆ ಮೂಡಿತು, ಆಗಿನಿಂದ ಈ ಮುಷ್ಟಿ ಹಿಡಿದೇ ಕೂತಿದ್ದೇನೆ, ಎಷ್ಟು ಪ್ರೀತಿ ನೋಡಿ ಎಂದು ಪಕ್ಕದ ಮಂಚದಾಕೆ ಮೆಚ್ಚಿಕೊಂಡಳು, ಹೇಳಿದರೆ ನಾದಿನಿ ಗೆಲ್ಲುತ್ತಾಳೆ, ಹೇಳದಿದ್ದರೆ — ನರ್ಸ್ ಬಂದಳು, ಕೈಯಲ್ಲಿ ಅಂಗೈಯಗಲದ ಚೀಲ, ಬಂದ್ವು ಅಣ್ಣ ಎನ್ನುತ್ತಾಳೆ ನಾದಿನಿ, ಇವರು ಅವಳನ್ನೇ ನೋಡಿ ನಗುತ್ತಾರೆ, ನನ್ನನ್ನಲ್ಲ, ನರ್ಸ್ ಚೀಟಿ ಓದುತ್ತಾಳೆ, ದಾನಿ, ತಂಗಿ, ಎಲ್ಲ ಸರಿ ಇದೆಯಾ ಅಮ್ಮ, ನನ್ನನ್ನೇ ಕೇಳುತ್ತಾಳೆ, ನಳಿಕೆ ಜೋಡಿಸುತ್ತಿದ್ದಾಳೆ, ಇವರ ಬೆರಳು ಬೆಚ್ಚಗಿವೆ, ಈ ಬಿಸಿಯೂ ಅವಳ ರಕ್ತದ್ದೇ, ಅವಳದೇ ಇರಲಿ, ಬಿಸಿ ಇರಲಿ — ನಿಲ್ಲಿ, ಹಾಕ್ಬೇಡಿ, ಕೆಂಪಾಗಿತ್ತು, ನಾನೇ ಅಳಿಸಿದೆ. ನಾದಿನಿ ಕಾಲು ಬಿಟ್ಟು ಎದ್ದಳು, ಎಲ್ಲಿ ಅತ್ತಿಗೆ, ನನ್ನ ಬೆರಳು ಬಿಚ್ಚಿಕೊಳ್ಳಲೇ ಒಲ್ಲವು, ಒಂದೊಂದಾಗಿ ಬಿಚ್ಚಿದೆ, ಅವಳೇ ಮೊದಲು ಕಂಡಳು, ಅವಳೇ ಮೊದಲು ಮುಟ್ಟಿದಳು, ಹೆಬ್ಬೆರಳ ಬುಡದಲ್ಲಿ, ಗುಂಡಿಯಷ್ಟು, ಕೆಂಪು.