ಧಾರೆ ಸೀರೆಯ ಕಲೆ

“ಕಳ್ಳ ಬಸುರಿ ಕಣ್ರಮ್ಮ ಇವ್ಳು! ಇಪ್ಪತ್ತು ದಿನ ನನ್ ಕೈಲಿ ಸೇವೆ ಮಾಡಿಸ್ಕೊಂಡ್ಳು!”

ಅಂಗಳದಲ್ಲಿ ಅವರೆಕಾಯಿ ಸುಲಿಯಲು ಸೇರಿದ್ದ ಏಳೆಂಟು ಹೆಂಗಸರ ಮುಂದೆ ಲಕ್ಕಮ್ಮ ಸೊಸೆಯತ್ತ ಕೈ ಚಾಚಿ ಹೀಗೆಂದಾಗ, ಎತ್ತುಗಳಿಗೆ ಕೆರೆಯಲ್ಲಿ ನೀರು ಕುಡಿಸಿಕೊಂಡು ಆಗಷ್ಟೇ ಬಂದ ಮಗ ಆಂಜಿನಪ್ಪ ನಿಂತಲ್ಲೇ ನಿಂತ. ಅವನ ಹೆಂಡತಿ ಮುನಿಯಲ್ಲಮ್ಮ ಅವತ್ತು ಬೆಳಗ್ಗೆ ಹೊರಗಾಗಿದ್ದಳು. ಕೊಟ್ಟಿಗೆ ಪಕ್ಕ ಗೋಣಿತಾಟಿನ ಮೇಲೆ ಒಬ್ಬಳೇ ತಲೆ ತಗ್ಗಿಸಿ ಕೂತಿದ್ದಳು.

“ಅಯ್ಯೋ, ಸೀಮಂತದ ಒಬ್ಬಟ್ಟು ತಪ್ಪೋಯ್ತಲ್ಲ ಲಕ್ಕಕ್ಕ,” ಎಂದಳು ಪಕ್ಕದ ಮನೆ ರಾಮಲಕ್ಷ್ಮಮ್ಮ. ಅಂಗಳವೆಲ್ಲ ನಗು.

ಬೇರೆ ದಿನವಾಗಿದ್ದರೆ ಆಂಜಿನಪ್ಪ ಉರಿದು ಬೀಳುತ್ತಿದ್ದ. ಕೋಪ ಮೂಗಿನ ತುದಿಯಲ್ಲೇ ಇದ್ದ ಆಸಾಮಿ. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು ದಡ್ಡ ಎಂದರೆಂದು ಸ್ಲೇಟು ಒಡೆದು ಬಂದವನು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಬ್ಯಾಟರಾಯನಪುರದಲ್ಲಿ ಅವನನ್ನು ಕೆಣಕುವವರೇ ಇರಲಿಲ್ಲ. ಇವತ್ತು ಮಾತ್ರ ಎತ್ತುಗಳ ಹಗ್ಗ ಸರಿಮಾಡುತ್ತ ನೆಲ ನೋಡಿದ.

ಗೋವಾದಿಂದ ಪೋರ್ಚುಗೀಸರು ಹೋಗಿ ಮೂರ್ನಾಲ್ಕು ವರ್ಷವಾಗಿತ್ತು. ಹಿಂದಿನ ತಿಂಗಳು ದ್ರಾಕ್ಷಿ ಬೆಳೆಗಾರರ ಸಂಘದವರು ಪ್ರವಾಸ ಹೊರಡಿಸಿದ್ದರು. ಯಶವಂತಪುರದಲ್ಲಿ ರೈಲು ಹತ್ತಿ ಬೊಂಬಾಯಿ, ಅಲ್ಲಿಂದ ಗೋವಾಕ್ಕೆ ಹಡಗು. ನೀರೆಂದರೆ ಹೆದರುವ ಲಕ್ಕಮ್ಮ ತನ್ನ ಬದಲು ಹೊಸ ಸೊಸೆಯನ್ನು ಮಗನ ಜೊತೆ ಕಳಿಸಿದಳು. “ಹೆಬ್ಬಾಳದ ಕೆರೇನ ಈ ದಡದಿಂದ ಆ ದಡಕ್ಕೆ ಈಜಿದೋನು ಕಣ್ರೋ ನಾನು. ಸಮುದ್ರ ಯಾವ ಲೆಕ್ಕ?” ಎಂದು ಊರೆಲ್ಲ ಕೊಚ್ಚಿಕೊಂಡೇ ಅವನು ಹೊರಟದ್ದು.

ಖಾಲಿ ಹೊಟ್ಟೆಯಾದರೆ ತಲೆ ಸುತ್ತುತ್ತದೆಂದು, ಹಡಗು ಹತ್ತುವ ಮುಂಚೆ ಬುತ್ತಿಯ ಐದು ರಾಗಿ ರೊಟ್ಟಿಯನ್ನೂ ಹುಚ್ಚೆಳ್ಳು ಚಟ್ನಿ ಸಮೇತ ಬಿಗಿದ. ದಡ ಮರೆಯಾಗುವಷ್ಟರಲ್ಲಿ ಕರುಳೇ ಬಾಯಿಗೆ ಬಂತು. ಹಡಗಿನ ಅಂಚಿನ ತನಕ ಹೋಗಲೂ ಆಗದೆ ಹೆಂಡತಿಯ ಮೇಲೇ ಕುಸಿದ. ಜನ ನೋಡದ ಹಾಗೆ ಅವಳು ಧಾರೆ ಸೀರೆಯ ಸೆರಗೊಡ್ಡಿದಳು. ಆಮೇಲೆ ನಿಂಬೆಹೋಳಿಗೆ ಉಪ್ಪು ಹಚ್ಚಿ ನೆಕ್ಕಿಸಿದಳು. ಗಾಳಿಗೆ ಮುಖ ಮಾಡಿ ಕೂರಿಸಿ, “ಅಲೆ ನೋಡ್ಬೇಡಿ. ಅಗೋ, ಆ ದೂರದ ಗೆರೆ ನೋಡಿ,” ಎನ್ನುತ್ತ ಸಂಜೆವರೆಗೂ ಬೆನ್ನು ನೀವಿದಳು.

“ಊರಲ್ಲಿ ಯಾರ್ಗೂ ಹೇಳ್ಬೇಡ ಕಣೇ,” ಎಂದು ಅಂಗಲಾಚಿದ. ಅವಳು ನಕ್ಕು, ಅವನ ಅಂಗೈ ಮುಟ್ಟಿ ಆಣೆ ಇಟ್ಟಳು.

ಊರಿಗೆ ಬಂದ ಮಾರನೇ ದಿನ ಲಕ್ಕಮ್ಮ ಆ ಸೀರೆ ಬಿಡಿಸಿದಳು. “ಇದೇನ್ಲಾ ಆಂಜಿ, ಇಷ್ಟಗಲ ಕಲೆ?”

ಪ್ರವಾಸದ ಕತೆ ಕೇಳಲು ಬಂದ ಗೆಳೆಯರು ಜಗಲಿಯ ಮೇಲಿದ್ದರು. “ಅವ್ಳೇ ಕಕ್ಕೊಂಡ್ಳು,” ಎಂದುಬಿಟ್ಟ.

ಲಕ್ಕಮ್ಮನ ಮುಖ ಅರಳಿತು. ಹೊಸದಾಗಿ ಮದುವೆಯಾದವಳು ಕಕ್ಕಿದಳೆಂದರೆ ಇನ್ನೇನು! “ಅಂಥದ್ದೇನಿಲ್ಲ ಅತ್ತೆ,” ಎಂದು ಸೊಸೆ ಎಷ್ಟು ಹೇಳಿದರೂ ನಾಚಿಕೆ ಎಂದುಕೊಂಡಳು. ಬಿಂದಿಗೆ ಹೊರಲು ಬಿಡಲಿಲ್ಲ. ದಿನಾ ತುಪ್ಪ ಬಡಿಸಿದಳು. ಪಟಾಲಮ್ಮನಿಗೆ ಹರಕೆ ಹೊತ್ತಳು. ನಾಳೆ ಹೇಳಿದರಾಯಿತು, ನಾಡಿದ್ದು ಹೇಳಿದರಾಯಿತು ಎಂದು ಆಂಜಿನಪ್ಪ ದಿನ ದೂಡಿದ.

“ತುಪ್ಪ ತಿಂದಿದ್ದು ಒತ್ತಟ್ಟಿಗಿರ್ಲಿ, ದೇವ್ರ ಮುಂದೆ ನನ್ನ ಸುಳ್ಳಿ ಮಾಡಿದ್ಳಲ್ಲ!” ಅಂಗಳದಲ್ಲಿ ಲಕ್ಕಮ್ಮ ಇನ್ನೂ ನಿಲ್ಲಿಸಿರಲಿಲ್ಲ. “ಇವ್ರಪ್ಪ ಚಿಕ್ಕಹನುಮಯ್ಯನ್ನ ಕರ್ಸಿ, ನಾಲ್ಕು ಜನದ ಮುಂದೆ ಕೇಳ್ತೀನಿ, ಮಗಳಿಗೆ ಇದ್ನೇನಾ ಕಲ್ಸಿದ್ದು ಅಂತ!”

ಅಪ್ಪನ ಹೆಸರು ಕೇಳಿದ್ದೇ ಮುನಿಯಲ್ಲಮ್ಮ ತಲೆಯೆತ್ತಿದಳು. ಅತ್ತೆಯನ್ನು ನೋಡಲಿಲ್ಲ, ಗಂಡನನ್ನು ನೋಡಿದಳು.

“ಆಣೆ ಇಟ್ಟೋಳು ನಾನು, ಬಾಯಿ ಬಿಡಂಗಿಲ್ಲ. ನೀವೇ ಹೇಳಿ. ಆ ಸೀರೆ ಮೇಲೆ ಕಕ್ಕಿದ್ದು ಯಾರು?”

ಸುಲಿಯುತ್ತಿದ್ದ ಕೈಗಳೆಲ್ಲ ನಿಂತವು. ಹೇಳಲೆಂದು ಆಂಜಿನಪ್ಪ ಬಾಯಿ ತೆರೆದ. ರಾಮಲಕ್ಷ್ಮಮ್ಮನ ತುಟಿಯಂಚಿನಲ್ಲಿ ನಗು ಆಗಲೇ ಕಾದು ಕೂತಿತ್ತು.

ಎತ್ತಿನ ಹಗ್ಗ ಇನ್ನೂ ಕೈಯಲ್ಲೇ ಇತ್ತು. ಹೊಟ್ಟೆ ತುಂಬ ನೀರು ಕುಡಿದು ಬಂದಿದ್ದ ಎತ್ತುಗಳನ್ನು ತಿರುಗಿಸಿ, ಮತ್ತೆ ಕೆರೆಯ ದಾರಿ ಹಿಡಿದು ನಡೆದುಬಿಟ್ಟ.